ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು

ವೆಬ್‌ಸೈಟ್ ಮಾಡುವ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಕಂಡಾಗ ಕೇಳುವುದು ಒಂದೇ: ಏನು ಕಲಿಯಬೇಕು ಸಾರ್, ಯಾವ ಸಾಫ್ಟ್‌ವೇರ್? ಹಾಸನದಲ್ಲಿ ಹದಿನೇಳು ವರ್ಷ ಒಂದು ಸಣ್ಣ ಕಂಪನಿ ನಡೆಸಿ, ಐವತ್ಮೂರನೇ ವಯಸ್ಸಿಗೆ ಕಣ್ಣು ಮತ್ತು ಬಿ.ಪಿ. ಎರಡೂ ಸೇರಿ ಕೊಟ್ಟ ನೋಟಿಸಿಗೆ ತಲೆಬಾಗಿ ಮನೆಗೆ ಬಂದವನು ನಾನು. ನಾನು ಕಲಿತ ಸಾಫ್ಟ್‌ವೇರ್‌ಗಳಲ್ಲಿ ಅರ್ಧದಷ್ಟು ನನಗಿಂತ ಮೊದಲೇ ನಿವೃತ್ತಿಯಾಗಿವೆ. ಅವುಗಳ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಹೇಳಬೇಕಾದದ್ದು ಬೇರೆ ಇದೆ: ಇಷ್ಟೆಲ್ಲ ಎಚ್ಚರಿಕೆಯ ಮನುಷ್ಯನಾದ ನಾನು ಒಬ್ಬ ಹೆಂಗಸಿನ ಮೆಸ್ಸನ್ನು ಹೇಗೆ ಮುಚ್ಚಿಸುವ ಹಂತಕ್ಕೆ ತಂದೆ ಎಂಬುದು. ಅದಕ್ಕೆ ಮೊದಲು ಕೆಲಸ ಹೇಗಿತ್ತು ಎಂದು ನಾಲ್ಕು ಮಾತು.

ಕಂಪನಿ ಎಂದರೆ ದೊಡ್ಡದೇನಲ್ಲ. ಬೇಕರಿಯ ಮೇಲಿನ ರೂಮಿನಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತಿದ್ದೆ. ಬೋರ್ಡ್ ಬದಲಾಯಿಸಿದ ಮೇಲೆ ಅದೇ ರೂಮು ಕಂಪನಿಯಾಯಿತು. ಮೂರು ಕಂಪ್ಯೂಟರ್, ನಾನು, ಎರಡನೇ ವರ್ಷ ಬಂದು ಸೇರಿದ ರೇಖಾ. ಅವಳು ಕಟ್ಟಾಯದ ಕಡೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಡಿಸೈನ್ ಅವಳದು, ಗಿರಾಕಿಗಳ ಜೊತೆ ಮಾತು ನನ್ನದು, ಚಿಂತೆ ಪೂರ್ತಿ ನನ್ನದು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಗಿರಾಕಿಗಳ ಸೈಟುಗಳೆಲ್ಲ ತೆರೆಯುತ್ತವೆಯೇ ಎಂದು ಒಂದೊಂದಾಗಿ ನೋಡುತ್ತಿದ್ದೆ. ಎಲ್ಲವೂ ತೆರೆದರೆ ಸಮಾಧಾನವಾಗಬೇಕಲ್ಲ, ಆಗುತ್ತಿರಲಿಲ್ಲ. ನನ್ನ ಮೊಬೈಲು ನಿನ್ನೆಯದನ್ನೇ ತೋರಿಸುತ್ತಿರಬಹುದು ಎಂಬ ಅನುಮಾನಕ್ಕೆ ಹೆಂಡತಿಯ ಮೊಬೈಲಿನಲ್ಲಿ ಇನ್ನೊಂದು ಸುತ್ತು ನೋಡುತ್ತಿದ್ದೆ.

"ಎದ್ದ ತಕ್ಷಣ ದೇವರ ಮುಖ ನೋಡಿ ಅಂದ್ರೆ ಸಿಮೆಂಟ್ ಅಂಗಡಿ ಮುಖ ನೋಡ್ತೀರಲ್ಲ" ಎನ್ನುತ್ತಿದ್ದಳು ಅವಳು.

ಸ್ವಂತ ಕಂಪನಿಯಲ್ಲಿ ಮೇಲಧಿಕಾರಿ ಇರುವುದಿಲ್ಲ ಎಂದು ನಂಬಿ ಬರುವವರುಂಟು. ಇರುತ್ತಾರೆ, ಪ್ರತಿ ಗಿರಾಕಿಯೂ ಒಬ್ಬೊಬ್ಬ ಮೇಲಧಿಕಾರಿ. ನನ್ನ ಮೊದಲ ಮೇಲಧಿಕಾರಿ ಹೊಳೆನರಸೀಪುರದ ತೆಂಗಿನಕಾಯಿ ವ್ಯಾಪಾರಿ ಪುಟ್ಟೇಗೌಡರು. ಅವರಿಗೆ ನಾನು ಮಾಡಿಕೊಟ್ಟ ಸೈಟಿನಲ್ಲಿ ಕಾಯಿಯ ರಾಶಿಯ ಚಿತ್ರ ಪರದೆಯ ತುಂಬ ಇತ್ತು, ಗೌಡರ ಚಿತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟು.

"ಲೇ ಶಿವರಾಮು, ಮಾರೋನು ಯಾರ್ಲಾ, ನಾನಾ ಕಾಯಾ?"

"ಕೊಳ್ಳೋರು ಕಾಯಿ ನೋಡ್ತಾರೆ ಗೌಡ್ರೆ."

"ಕಾಯಿ ಎಲ್ರುದೂ ಒಂದೇ ಕಣ್ಲಾ. ಮುಖ ನೋಡಿ ಯಾಪಾರ ಮಾಡದು. ನನ್ ಮುಖ ದೊಡ್ಡದು ಮಾಡು, ಕಾಯಿ ಸಣ್ದು ಮಾಡು."

ಮನಸ್ಸಿಲ್ಲದೆ ಮಾಡಿದೆ. ಆಮೇಲೆ ಬಂದ ಎಷ್ಟೋ ತರಬೇತಿಗಳಲ್ಲಿ ಸೂಟು ಹಾಕಿದವರು ಇಂಗ್ಲಿಷಿನಲ್ಲಿ ಹೇಳಿದ್ದು ಗೌಡರು ಹೇಳಿದ್ದನ್ನೇ. ಆಗ ಸೈಟಿನ ಕೆಳಗೆ ಎಷ್ಟು ಸಲ ತೆರೆದರು ಎಂದು ತೋರಿಸುವ ಒಂದು ಅಂಕಿ ಹಾಕುವ ಕಾಲ. ಗೌಡರು ದಿನಾ ಸಂಜೆ ಫೋನು ಮಾಡಿ, "ಇವತ್ತು ನಲವತ್ತೆರಡು ಜನ ನೋಡವ್ರೆ ಕಣ್ಲಾ" ಎಂದು ಹೇಳಿ ಇಡುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ರೇಖಾ ಒಂದು ದಿನ ಲೆಕ್ಕ ತೆಗೆದು ನೋಡಿದಳು.

"ನಲವತ್ತು ಗೌಡರ ಮೊಬೈಲಿಂದಾನೇ ಸಾ."

"ಉಳಿದ ಎರಡು?"

"ಒಂದು ನೀವು, ಬೆಳಿಗ್ಗೆ. ಇನ್ನೊಂದು ನಿಮ್ಮ ಮನೆಯವರ ಮೊಬೈಲಲ್ಲಿ ನೀವು."

ನಾಲ್ಕೈದು ವರ್ಷದಲ್ಲಿ ಕೆಲಸದ ರೀತಿಯೇ ತಿರುಗಿತು. ವೆಬ್‌ಸೈಟು ಎಂಬುದು ಮನೆಯ ಮುಂಬಾಗಿಲಿನಂತಾಯಿತು. ಇರಬೇಕು, ಬಣ್ಣ ಹೊಡೆದಿರಬೇಕು, ಆದರೆ ಜನ ಬರುವುದೆಲ್ಲ ಪಕ್ಕದ ಬಾಗಿಲಿನಿಂದ. ಪಕ್ಕದ ಬಾಗಿಲು ಎಂದರೆ ಮೊಬೈಲಿನ ಮ್ಯಾಪು. ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಹೋದವರು ಎಷ್ಟು ಸ್ಟಾರ್ ಕೊಟ್ಟರು, ಇಷ್ಟಿದ್ದರೆ ಸಾಕು. ನಾವು ಊರೂರು ಸುತ್ತಿ ಅಂಗಡಿಗಳನ್ನು ಮ್ಯಾಪಿಗೆ ಹತ್ತಿಸತೊಡಗಿದೆವು. ಅರಕಲಗೂಡಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ರಂಗಸ್ವಾಮಿ ಮಾತ್ರ ಸ್ಟಾರುಗಳ ವಿಷಯ ಕೇಳಿ ಕೈ ಮುಗಿದ.

"ಬ್ಯಾಡ ಸಾ. ನನ್ತಾವ ಬರೋರೆಲ್ಲ ಮೋಟ್ರು ಸುಟ್ಕೊಂಡೇ ಬರದು. ಗದ್ದೆ ಒಣಗ್ತಿರ್ತದೆ. ಅವ್ರ ಕೈಲಿ ಸ್ಟಾರ್ ಕೇಳುದ್ರೆ ಕಲ್ಲು ಕೊಡ್ತಾರೆ."

ಅವನ ಮಾತಿಗೆ ನಕ್ಕು ಬಂದಿದ್ದೆ. ಸ್ಟಾರುಗಳು ಕಲ್ಲಾಗುವುದು ನನಗೆ ತಿಳಿದದ್ದು ಚನ್ನರಾಯಪಟ್ಟಣದ ಕಡೆ.

ಅಂಗಡಿಗಳು ಹೆಚ್ಚಾದಾಗ ನಾನೊಂದು ಸುಲಭದ ದಾರಿ ಮಾಡಿಕೊಂಡಿದ್ದೆ. ಪ್ರತಿ ಬಗೆಯ ಅಂಗಡಿಗೂ ಒಂದು ಸಿದ್ಧ ನಮೂನೆ. ಬಟ್ಟೆ ಅಂಗಡಿಗೆ ಒಂದು, ಗೊಬ್ಬರದ ಅಂಗಡಿಗೆ ಒಂದು, ಹೋಟೆಲಿಗೆ ಒಂದು. ಹೆಸರು, ಫೋನ್ ನಂಬರು, ಜಾಗ ಬದಲಾಯಿಸಿದರೆ ಆಯಿತು. ಹೋಟೆಲಿನ ನಮೂನೆಯಲ್ಲಿ ಸಮಯ ಮೊದಲೇ ತುಂಬಿಟ್ಟಿತ್ತು: ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು.

ಸುನಂದಮ್ಮ ನಮ್ಮ ರೂಮಿಗೆ ಬಂದದ್ದು ಒಂದು ಸೋಮವಾರ. ಅರವತ್ತು ದಾಟಿದ ಜೈನ ಹೆಂಗಸು, ಶ್ರವಣಬೆಳಗೊಳದಲ್ಲಿ ಯಾತ್ರಿಕರಿಗೆ ಊಟ ಹಾಕುವ ಮೆಸ್ ನಡೆಸುತ್ತಿದ್ದರು. ಗಂಡ ಅಲ್ಲಿಯೇ ದಿನಸಿ ಅಂಗಡಿ ಇಟ್ಟಿದ್ದವರು. ಅವರು ಹೋದ ಮೇಲೆ ಅಂಗಡಿಯ ಜಾಗದಲ್ಲೇ ಇವರು ಒಲೆ ಹಚ್ಚಿದ್ದರು. ಆದರೆ ಭಾಗವಾದಾಗ ಆ ಕಟ್ಟಡ ಭಾವನ ಮಗ ಅಜಿತನ ಪಾಲಿಗೆ ಹೋಗಿತ್ತು. ಬಾಡಿಗೆಯ ಕರಾರು ಯುಗಾದಿಗೆ ಮುಗಿಯುವುದಿತ್ತು.

"ಮೆಸ್ ಚೆನ್ನಾಗಿ ನಡೆದ್ರೆ ಮುಂದುವರಿಸು ಚಿಕ್ಕಮ್ಮ, ಇಲ್ದಿದ್ರೆ ಚಾಟ್ಸ್ ಅಂಗಡಿಯೋರು ಕೇಳ್ತಾ ಇದಾರೆ, ಅವರಿಗೆ ಕೊಡ್ತೀನಿ ಅಂದಿದಾನೆ. ಅವನೇನು ಕೆಟ್ಟೋನಲ್ಲ ಕಣಪ್ಪ, ಅವನಿಗೂ ಸಂಸಾರ ಇದೆ. ಅದೇನೋ ಮ್ಯಾಪಿಗೆ ಹಾಕಿದ್ರೆ ಜನ ಬರ್ತಾರಂತಲ್ಲ, ಹಾಕಿಕೊಡು" ಎಂದರು.

ನಾನು ಆ ದಿನ ಚಿಂತಿಸಿದ್ದು ಒಂದೆರಡಲ್ಲ. ಗುರುತು ಸರಿಯಾದ ಬೀದಿಯಲ್ಲಿ ಬಿತ್ತೇ, ಫೋನ್ ನಂಬರಿನ ಕೊನೆಯ ಅಂಕಿ ಸರಿಯೇ, ಚಿತ್ರದಲ್ಲಿ ಅನ್ನ ಬೆಳ್ಳಗೆ ಕಾಣುತ್ತದೆಯೇ. ನಂಬರಿಗೆ ನಾನೇ ಎರಡು ಸಲ ಕರೆ ಮಾಡಿ, ಎದುರಿಗೆ ಕೂತಿದ್ದ ಅವರ ಕೈಯಲ್ಲಿ ಫೋನು ಎತ್ತಿಸಿ ನೋಡಿದೆ. ಚಿಂತೆ ಮಾಡುವವರಿಗೆ ಒಂದು ಭ್ರಮೆ ಇರುತ್ತದೆ, ಮಾಡಬೇಕಾದ ಚಿಂತೆಯನ್ನೆಲ್ಲ ತಾವು ಮಾಡಿ ಮುಗಿಸಿದ್ದೇವೆ ಎಂದು. ಸಮಯದ ಕಡೆ ನನ್ನ ಕಣ್ಣೇ ಹೋಗಲಿಲ್ಲ. ಅದು ಮೊದಲೇ ತುಂಬಿಟ್ಟಿತ್ತಲ್ಲ.

ಗೊತ್ತಿಲ್ಲದೆ ಮಾಡಿದೆ ಎನ್ನುವ ನೆಪವೂ ನನಗಿಲ್ಲ. ನಾನು ಅದೇ ಸೀಮೆಯ ಬಾಗೂರಿನವನು. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಜೈನರ ಹುಡುಗ ಸಂಜೆ ಕಬಡ್ಡಿಯ ನಡುವೆ, ಗೆಲ್ಲುತ್ತಿದ್ದರೂ ಬಿಟ್ಟು, ಊಟಕ್ಕೆ ಓಡುತ್ತಿದ್ದ. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಎಂಬುದು ನನಗೆ ಎಂಟನೇ ವಯಸ್ಸಿನಿಂದ ಗೊತ್ತು. ಬಾಲ್ಯದಿಂದ ಗೊತ್ತಿದ್ದದ್ದನ್ನು ಒಂದು ನಮೂನೆ ಅಳಿಸಿಹಾಕಿತು.

ಮೂರು ತಿಂಗಳಾದ ಮೇಲೆ ಅಜಿತನಿಂದ ಫೋನು ಬಂತು. "ಸಾರ್, ನಮ್ ಚಿಕ್ಕಮ್ಮನ ಮೆಸ್ಸಿಗೆ ಎರಡೂಕಾಲು ಸ್ಟಾರು. ಜನ ಉಗಿದು ಹೋಗಿದಾರೆ. ಇದನ್ನ ನೋಡಿದ ಮೇಲೆ ಯಾವ ಧೈರ್ಯದ ಮೇಲೆ ಕರಾರು ಮುಂದುವರಿಸ್ಲಿ, ನೀವೇ ಹೇಳಿ."

ತೆರೆದು ನೋಡಿದೆ. "ರಾತ್ರಿ ಎಂಟಕ್ಕೆ ಹೋದೆವು, ಒಲೆ ಆರಿಸಿದ್ದೇವೆ ಎಂದರು." "ಮಕ್ಕಳು ಹಸಿದಿದ್ದರು, ಕರುಣೆ ಇಲ್ಲದ ಹೆಂಗಸು." "ಮ್ಯಾಪಿನಲ್ಲಿ ಒಂದು, ಮಾಡುವುದು ಇನ್ನೊಂದು." ಒಂದರ ಕೆಳಗೆ ಒಂದು, ಇಪ್ಪತ್ತಾರು. ಊಟ ಕೆಟ್ಟದಾಗಿತ್ತು ಎಂದು ಒಬ್ಬರೂ ಬರೆದಿರಲಿಲ್ಲ. ಯಾರೂ ಊಟವನ್ನೇ ಮಾಡಿರಲಿಲ್ಲ.

ಒಂಬತ್ತು ಗಂಟೆ ಎಂಬುದರ ಮೇಲೆ ಆಗ ಕಣ್ಣು ಬಿತ್ತು. ಮೊದಲು ಮಾಡಿದ ಕೆಲಸ ಹೇಡಿಯದು. ಸದ್ದಿಲ್ಲದೆ ಸಮಯವನ್ನು ಸಂಜೆ ಐದೂವರೆಗೆ ತಿದ್ದಿ, ಏನೂ ಆಗಿಲ್ಲ ಎಂಬಂತೆ ಟೀ ತರಿಸಿದೆ. ರೇಖಾ ನನ್ನ ಮುಖ ನೋಡಿ, ಪರದೆ ನೋಡಿ, ಕುರ್ಚಿ ನನ್ನ ಕಡೆ ತಿರುಗಿಸಿದಳು.

"ಹೋಗಿ ಹೇಳ್ಬಿಟ್ಟು ಬನ್ನಿ ಸಾ."

"ತಿದ್ದಿದೆನಲ್ಲ."

"ಬೈಸ್ಕೊಂಡಿರೋದು ಅವ್ರು. ಹೇಳ್ದೆ ಇದ್ರೆ ನೀವು ನಿದ್ದೆ ಮಾಡಲ್ಲ, ನನ್ನ ಕೆಲ್ಸ ಮಾಡಕ್ಕೆ ಬಿಡಲ್ಲ."

ಮಾರನೆಯ ದಿನ ಬಸ್ಸು ಹತ್ತಿದೆ. ಚನ್ನರಾಯಪಟ್ಟಣದವರೆಗೆ ಹೇಳಬೇಕಾದ ಮಾತು ಜೋಡಿಸಿಕೊಂಡೆ, ಅಲ್ಲಿ ಬಸ್ಸು ಬದಲಾಯಿಸುವಾಗ ಎಲ್ಲ ಕೆಳಗೆ ಬಿದ್ದುಹೋಯಿತು. ಮೆಸ್ಸಿಗೆ ತಲುಪಿದಾಗ ಮಧ್ಯಾಹ್ನ. ಬಾಯಿ ತೆರೆಯುವ ಮೊದಲೇ ಸುನಂದಮ್ಮ ಎಲೆ ಹಾಕಿದರು. ಬಾಳೆಕಾಯಿ ಪಲ್ಯ, ಹೆಸರುಬೇಳೆ ತೊವ್ವೆ, ಬಿಸಿ ಅನ್ನ, ತಿಳಿಸಾರು. ಈರುಳ್ಳಿ ಬೆಳ್ಳುಳ್ಳಿಯ ಸುಳಿವಿಲ್ಲ. ಇಷ್ಟು ರುಚಿಯಾದ ಊಟವನ್ನು ಇಷ್ಟು ಕಷ್ಟಪಟ್ಟು ನಾನು ಎಂದೂ ನುಂಗಿಲ್ಲ. ಸಾರಿನ ಅನ್ನದ ಹೊತ್ತಿಗೆ ಹೇಳಿದೆ.

ಅವರು ಸೌಟು ಹಿಡಿದುಕೊಂಡೇ ನಿಂತರು.

"ಅದಕ್ಕೇನಾ. ದೀಪ ಹಚ್ಚಿದ ಮೇಲೆ ಊಟ ಕೇಳ್ಕೊಂಡು ಬರ್ತಾರಲ್ಲ, ಈ ಜನಕ್ಕೆ ಏನಾಗಿದೆ ಅಂತ ಯೋಚಿಸ್ತಿದ್ದೆ. ಒಬ್ಬ ಮೊಬೈಲ್ ತಂದು ಮುಖಕ್ಕೆ ಹಿಡಿದ. ನೋಡಮ್ಮ, ಒಂಬತ್ತು ಗಂಟೆ ಅಂತ ಇದೆ ಅಂದ. ಅದು ನಿನ್ನ ಮೊಬೈಲಿನ ಟೈಮು, ನನ್ನ ಒಲೇದಲ್ಲ ಅಂದೆ."

"ಬೈದುಬಿಡಿ ಅಮ್ಮ."

"ನಿನ್ನ ಬೈದ್ರೆ ಅವರು ವಾಪಸ್ ಬರ್ತಾರಾ? ಮಜ್ಜಿಗೆ ಹಾಕ್ಲಾ?"

ಮಜ್ಜಿಗೆ ಕುಡಿದು ಧೈರ್ಯ ಬಂದ ಮೇಲೆ ನಮ್ಮ ವೃತ್ತಿಯ ಒಂದು ಕೊಳಕು ಉಪಾಯವನ್ನು ಮುಂದಿಟ್ಟೆ. ದುಡ್ಡು ಕೊಟ್ಟರೆ ಒಳ್ಳೆಯ ರಿವ್ಯೂಗಳನ್ನು ಗಂಟು ಕಟ್ಟಿ ಬರೆದುಕೊಡುವವರಿದ್ದಾರೆ. ಎರಡು ದಿನದಲ್ಲಿ ಸ್ಟಾರು ನಾಲ್ಕು ದಾಟುತ್ತದೆ. ಖರ್ಚು ನನ್ನದೇ ಎಂದೆ.

"ಬರೆಯೋರು ಯಾರು?"

"ಯಾವುದೋ ಊರಿನವರು."

"ಇಲ್ಲಿ ಉಂಡಿದಾರಾ?"

"ಇಲ್ಲ."

"ಮತ್ತೆ ರುಚಿ ಹೆಂಗೆ ಗೊತ್ತಾಯ್ತು ಅವರಿಗೆ?" ಎಂದು ಕೇಳಿ ಎಲೆ ಎತ್ತಲು ಹೇಳಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಉಳಿದದ್ದು ಒಂದೇ ದಾರಿ. ಇಪ್ಪತ್ತಾರು ಜನಕ್ಕೂ ಒಬ್ಬೊಬ್ಬರಿಗಾಗಿ ಉತ್ತರ ಬರೆದೆ, ಈ ಸಲ ನಮೂನೆ ಇಟ್ಟುಕೊಳ್ಳದೆ. ಸಾರಾಂಶ ಇಷ್ಟು: ಈ ಮೆಸ್ಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ಹಾಕುವ ಪದ್ಧತಿ ಇಲ್ಲ. ರಾತ್ರಿ ಒಂಬತ್ತು ಎಂದು ಹಾಕಿದವನು ಮ್ಯಾಪಿನ ಕೆಲಸ ಮಾಡುವ ನಾನು. ನೀವು ಹಸಿದು ಹೋದದ್ದಕ್ಕೆ ಹೊಣೆ ನನ್ನದು, ಅಡುಗೆಯವರದಲ್ಲ. ಕೆಳಗೆ ನನ್ನ ಹೆಸರು, ಕಂಪನಿಯ ಹೆಸರು.

"ಇದನ್ನ ಓದಿದೋರು ನಮಗೆ ಕೆಲ್ಸ ಕೊಡ್ತಾರಾ ಸಾ?" ಎಂದಳು ರೇಖಾ. ಎರಡು ಕಡೆ ನನ್ನ ವಾಕ್ಯ ತಿದ್ದಿ ಅವಳೇ ಕಳಿಸಿದಳು.

ಹನ್ನೊಂದು ಜನ ಬರೆದದ್ದನ್ನು ತೆಗೆದುಹಾಕಿದರು. ಕೆಲವರು ಸ್ಟಾರು ಹೆಚ್ಚಿಸಿದರು. ಒಬ್ಬರು, "ಆ ದಿನ ಬಿಸ್ಕತ್ತು ತಿಂದು ಮಲಗಿದೆವು, ಮುಂದಿನ ಸಲ ಬೇಗ ಬರುತ್ತೇವೆ" ಎಂದು ಬರೆದರು. ಸ್ಟಾರು ಮೂರೂವರೆಗೆ ಹತ್ತಿತು. ಹೊಸದಾಗಿ ಬಂದು ಉಂಡವರು ಊಟದ ಬಗ್ಗೆ ಬರೆಯತೊಡಗಿದರು. ನಾನು ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಸುನಂದಮ್ಮನ ಫೋನು.

"ಐದೂವರೆ ಅಂತ ಹಾಕಿದೀಯಲ್ಲಪ್ಪ. ಈಗ ಹೊತ್ತು ಬೆಳೀತಾ ಇದೆ, ಇನ್ನೂ ಕಾಲು ಗಂಟೆ ಊಟ ಹಾಕ್ಬಹುದು. ಬರೋರನ್ನ ಯಾಕೆ ಕಳಕೊಳ್ಳೋದು?"

ಹೊತ್ತು ಮುಳುಗುವುದರೊಳಗೆ ಉಂಡವರು ಕೈ ತೊಳೆದಿರಬೇಕು, ಎಲೆ ಹಾಕುವುದನ್ನು ಅದಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಬೇಕು. ಇದು ಅವರ ಲೆಕ್ಕ. ಮ್ಯಾಪಿಗೋ ಗಡಿಯಾರ ಮಾತ್ರ ಗೊತ್ತು, ಸೂರ್ಯ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ನೋಡಿ ನಾನೇ ವಾರಕ್ಕೆರಡು ಸಲ ನಿಮಿಷಗಳನ್ನು ತಿದ್ದತೊಡಗಿದೆ. ಅತಿ ಎಚ್ಚರಿಕೆಯವನ ಕೈಗೆ ಇಂಥ ಕೆಲಸ ಸಿಕ್ಕಬಾರದು. ತಿದ್ದಿ ತಿದ್ದಿ, ಯುಗಾದಿಗೆ ಮೂರು ವಾರ ಇದೆ ಎನ್ನುವಾಗ, ಇದು ಯಾರೋ ಕಿಡಿಗೇಡಿಗಳ ಕೈಚಳಕವೆಂದು ಅನುಮಾನಿಸಿ ಮ್ಯಾಪು ಮೆಸ್ಸನ್ನೇ ಮರೆಮಾಡಿತು. ಹುಡುಕಿದರೆ ಅಂಥ ಮೆಸ್ಸೇ ಇಲ್ಲ. ಮತ್ತೆ ಕಾಣಬೇಕಾದರೆ ಒಡತಿಯೇ ನಿಂತು ಬೀದಿ, ಬೋರ್ಡು, ಬೀಗ ತೆಗೆಯುವುದು, ಒಲೆ, ಎಲ್ಲವನ್ನೂ ತಡೆಯಿಲ್ಲದೆ ಒಂದೇ ವಿಡಿಯೋದಲ್ಲಿ ತೋರಿಸಬೇಕು.

ನಾನೂ ರೇಖಾಳೂ ಹೋದೆವು. ಮೊದಲ ತೊಡಕು ಬೋರ್ಡಿನದು. ಮೆಸ್ಸಿಗೆ ಬೋರ್ಡೇ ಇರಲಿಲ್ಲ. ಬಾಗಿಲ ಮೇಲೆ ಇದ್ದದ್ದು ಗಂಡನ ಕಾಲದ ದಿನಸಿ ಅಂಗಡಿಯ ತಗಡು, ಅಕ್ಷರ ಮಾಸಿಹೋಗಿತ್ತು.

"ಬೋರ್ಡ್ ಯಾಕೆ? ಸುನಂದಮ್ಮನ ಮೆಸ್ ಅಂದ್ರೆ ಊರಿಗೆಲ್ಲ ಗೊತ್ತಲ್ಲ."

"ಊರಿಗೆ ಗೊತ್ತಮ್ಮ, ಮ್ಯಾಪಿಗೆ ಗೊತ್ತಿಲ್ಲ. ಹಳೇದನ್ನ ಇಳಿಸಿ ಹೊಸದು ಹಾಕೋಣ" ಎಂದೆ.

ಅವರು ತಗಡಿನ ಕಡೆ ಕೈ ತೋರಿಸಿದರು. "ಅದನ್ನ ಇಳಿಸಲ್ಲ. ಅವರ ಕೆಳಗೆ ನನ್ನದು ಹಾಕು, ಸಣ್ಣದಾಗಿ."

ರೇಖಾ ಅಂದೇ ಚನ್ನರಾಯಪಟ್ಟಣಕ್ಕೆ ಹೋಗಿ ಬರೆಸಿಕೊಂಡು ಬಂದಳು. ಸಣ್ಣದು ಎಂದಿದ್ದರೂ ಅಕ್ಷರ ದೊಡ್ಡದೇ ಬರೆಸಿದ್ದಳು. ಮಾರನೆಯ ಬೆಳಿಗ್ಗೆ ಚಿತ್ರೀಕರಣ. ಮೊದಲ ಸಲ, ಬೀಗ ತೆಗೆಯುವ ಹೊತ್ತಿಗೆ ಹೂವಿನವಳು ಬಂದಳು. ಸುನಂದಮ್ಮ ಕ್ಯಾಮೆರಾ ಮರೆತು ಅವಳ ಮಗಳ ಬಾಣಂತನ ವಿಚಾರಿಸಿದರು. ಎರಡನೇ ಸಲ ಒಳಗಿನಿಂದ ಚಿಲಕ ಹಾಕಿಕೊಂಡು ನಿಂತು, "ಈಗ ತೆಗೀಲಾ?" ಎಂದು ಕೂಗಿದರು. ಮೂರನೇ ಸಲ ಎಲ್ಲ ಸರಿಯಾಗಿ ಅಡುಗೆಮನೆ ತಲುಪಿದೆವು. ಒಲೆ ತೋರಿಸಿ ನಿಲ್ಲಿಸಿದರೆ ಸಾಕಿತ್ತು. ಅವರು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು, "ಇದು ಸಾರು, ಇದು ಪಲ್ಯ, ನೀರು ದಿನಾ ಸೋಸ್ತೀನಿ, ಬೇಕಾದ್ರೆ ಬಂದು ನೋಡಿ, ಆದ್ರೆ ಹೊತ್ತಿದ್ದಾಗ ಬನ್ನಿ" ಎಂದು ಮೊಬೈಲಿಗೆ ಹೇಳಿದರು. ಆ ಕಡೆ ಅದನ್ನು ನೋಡಿದವರು ಯಾರೋ, ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ. ಆರು ದಿನ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಏಳನೇ ದಿನ ಮೆಸ್ಸು ಮ್ಯಾಪಿನಲ್ಲಿ ಕಣ್ಣುಬಿಟ್ಟಿತು. ಅಂದಿನಿಂದ ಹದಿನೈದು ದಿನಕ್ಕೆ ಒಂದೇ ಸಲ ತಿದ್ದಬೇಕು ಎಂದು ರೇಖಾ ನನ್ನಿಂದ ಭಾಷೆ ತೆಗೆದುಕೊಂಡಳು.

ಯುಗಾದಿಯ ಹಿಂದಿನ ಭಾನುವಾರ ಅಜಿತ ಮಧ್ಯಾಹ್ನದಿಂದ ಮೆಸ್ಸಿನ ಜಗಲಿಯ ಮೇಲೆ ಕೂತಿದ್ದನಂತೆ. ಎಲೆ ಹಾಕುವುದು ನಿಲ್ಲಿಸಿದ ಮೇಲೆ ಒಂದು ಕಾರು ಬಂದು ನಿಂತಿತು. ಮುಂದೆ ಕೂತಿದ್ದವರು ಮೊಬೈಲು ನೋಡಿ, ಹಿಂದಿನವರಿಗೆ, "ಹತ್ತು ನಿಮಿಷ ತಡ ಆಯ್ತು, ನಾಳೆ ಬರೋಣ" ಎಂದು ಹೇಳಿ ಕಾರು ತಿರುಗಿಸಿದರು. ಮಾರನೆಯ ದಿನ ಹನ್ನೊಂದಕ್ಕೆ ಅದೇ ಕಾರು ಬಂತು. ಅಜಿತ ನನಗೆ ಫೋನು ಮಾಡಿ ಹೇಳಿದ್ದು ಇದನ್ನೇ.

"ಒಳಗೆ ಕೂತಿದ್ದ ಜನ ನೋಡಿ ನನಗೇನೂ ಅನ್ನಿಸ್ಲಿಲ್ಲ ಸಾರ್, ಭಾನುವಾರ ಬಂದೇ ಬರ್ತಾರೆ. ಬಾಗಿಲಿಗೆ ಬಂದೋರು ಊಟ ಸಿಗ್ದೆ, ಬೈದುಕೊಳ್ದೆ ಹೋಗಿ, ತಿರುಗಿ ಬಂದ್ರಲ್ಲ. ಚಾಟ್ಸ್ ಅಂಗಡಿಯೋರಿಗೆ ಇಲ್ಲ ಅಂದ್ಬಿಟ್ಟೆ. ಮೂರು ವರ್ಷಕ್ಕೆ ಬರೆದುಕೊಡ್ತೀನಿ."

ಹೊಸಬರಿಗೆ ನನ್ನ ಉಪದೇಶ ಇಷ್ಟೇ. ಗಿರಾಕಿಯ ಅಂಗಡಿಯನ್ನು ಮ್ಯಾಪಿಗೆ ಹಾಕುವ ಮೊದಲು ಒಂದು ದಿನ ಹೋಗಿ, ಬಾಗಿಲು ತೆಗೆಯುವಾಗಿನಿಂದ ಹಾಕುವವರೆಗೆ ಅಲ್ಲೇ ಕೂತಿರಿ. ನಮೂನೆಗಳು ಇರಲಿ, ಆದರೆ ಅವುಗಳಲ್ಲಿ ಯಾವುದನ್ನೂ ಮೊದಲೇ ತುಂಬಿಡಬೇಡಿ. ಖಾಲಿ ಜಾಗ ಕಂಡರೆ ಕೇಳಬೇಕು ಎನ್ನಿಸುತ್ತದೆ.

ಕಂಪನಿಯನ್ನು ರೇಖಾಳ ಕೈಗೆ ಒಪ್ಪಿಸಿದ ದಿನ ಗಿರಾಕಿಗಳ ಪಟ್ಟಿಯನ್ನೂ ಕೊಟ್ಟೆ. ಅವಳು ಓದಿಕೊಂಡು ಬಂದು ಒಂದು ಹೆಸರಿನ ಮೇಲೆ ಗೀಟು ಎಳೆದಳು.

"ಇದು ನೀವೇ ಇಟ್ಕೊಳಿ ಸಾ. ಮನೇಲಿ ಕೂತು ಚಿಂತೆ ಮಾಡಕ್ಕೆ ಏನಾದ್ರೂ ಬೇಕಲ್ಲ ನಿಮಗೆ."

ಹಾಗಾಗಿ ಈಗಲೂ ಹದಿನೈದು ದಿನಕ್ಕೊಮ್ಮೆ ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿಕೊಂಡು ನಿಲ್ಲುತ್ತೇನೆ. ಇವತ್ತು ಬೆಳಿಗ್ಗೆ ನಾಲ್ಕು ನಿಮಿಷ ಮುಂದಕ್ಕೆ ಹಾಕಿದೆ. ಅರ್ಧ ಗಂಟೆಯಲ್ಲಿ ಸುನಂದಮ್ಮನ ಫೋನು. ತಪ್ಪು ಹಾಕಿದೆನೇ ಎಂದು ಇನ್ನೊಮ್ಮೆ ಕ್ಯಾಲೆಂಡರ್ ನೋಡಿಕೊಂಡೇ ಫೋನು ಎತ್ತಿದೆ.

"ಸರಿಯಾಗೇ ಇದೆ ಕಣಪ್ಪ. ನೀನು ಈ ಕಡೆ ಬಂದು ಎಷ್ಟು ದಿನ ಆಯ್ತು ಅಂತ ಫೋನ್ ಮಾಡ್ದೆ. ಊಟಕ್ಕೆ ಬಾ."

"ನಾಳೆ ಬರ್ತೀನಿ ಅಮ್ಮ. ಎಷ್ಟು ಹೊತ್ತಿನವರೆಗೆ ಇರುತ್ತೆ ಊಟ?"

"ಮ್ಯಾಪ್ ನೋಡ್ಕೊಂಡು ಬಾ" ಎಂದು ಫೋನು ಇಟ್ಟರು.